ಏಪ್ರಿಲ್ 13ರಂದು ತಲುಪಿದ ಪತ್ರ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕುತ್ತಿದ್ದಾಗ ಎರಡು ದಪ್ಪ ಸಂಪುಟಗಳು ಸಿಕ್ಕಿದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಒಂದು ಕಡೆ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಇನ್ನೊಂದು ಕಡೆ ನಿಂತು ಕಳಿಸಿಕೊಂಡ ಗುಟ್ಟಿನ ಪತ್ರಗಳು. ಸೋವಿಯತ್ ಸರ್ಕಾರ 1957ರಲ್ಲಿ ಹೊರತಂದ ಸಂಗ್ರಹದ ಇಂಗ್ಲಿಷ್ ಪ್ರತಿ. ಬೆನ್ನು ಕಿತ್ತು ಹೋಗಿತ್ತು, ಹಾಗಾಗಿ ಅಗ್ಗಕ್ಕೆ ಬಂತು.

ಸುಮ್ನೆ ಪುಟ ತಿರುವುತ್ತಿದ್ದಾಗ ರೂಸ್‌ವೆಲ್ಟ್ ಅವರ ಕೊನೆಯ ಪತ್ರ ಕಣ್ಣಿಗೆ ಬಿತ್ತು. ಮೇಲೆ ‘ತಲುಪಿದ್ದು: ಏಪ್ರಿಲ್ 13, 1945’ ಎಂದಿತ್ತು. ರೂಸ್‌ವೆಲ್ಟ್ ತೀರಿಕೊಂಡದ್ದು 12ರಂದು. ಅಚ್ಚಿನ ತಪ್ಪು ಎಂದುಕೊಂಡು ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟೆ. ಆ ಚಿಹ್ನೆಯೇ ಮುಂದೆ ನನ್ನನ್ನು ಈ ಕೆಲಸಕ್ಕೆ ಎಳೆಯಿತು.

ಗೆಳೆಯರೊಬ್ಬರು ಸಣ್ಣ ಪತ್ರಿಕೆ ನಡೆಸುತ್ತಾರೆ. “1945ರ ಮಾರ್ಚ್‌ನಿಂದ ಏಪ್ರಿಲ್ ತನಕದ ಪತ್ರಗಳನ್ನಷ್ಟೇ ಕನ್ನಡಕ್ಕೆ ಮಾಡಿಕೊಡಿ, ಇಪ್ಪತ್ತು ಪುಟ ಕೊಡ್ತೀನಿ” ಎಂದರು. ನಾನು ಅನುವಾದದಲ್ಲೇ ಬದುಕುವವನು. ಒಂದು ತಿಂಗಳ ಕೆಲಸ ಅಂದುಕೊಂಡೆ. ಏಳು ತಿಂಗಳು ಹಿಡಿಯಿತು.

ಮೊದಲ ತೊಡಕು ಸಂಪುಟಗಳದ್ದೇ. ಒಂದರಲ್ಲಿ ಚರ್ಚಿಲ್ ಜೊತೆಗಿನ ಪತ್ರಗಳು, ಇನ್ನೊಂದರಲ್ಲಿ ರೂಸ್‌ವೆಲ್ಟ್ ಜೊತೆಗಿನವು. ಮೂವರು ಒಂದೇ ಜಗಳವನ್ನು ಒಂದೇ ವಾರದಲ್ಲಿ ಆಡುತ್ತಿದ್ದಾರೆ, ಪುಸ್ತಕ ಮಾತ್ರ ಅವರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿದೆ. ಚರ್ಚಿಲ್ ಮತ್ತು ರೂಸ್‌ವೆಲ್ಟ್ ತಮ್ಮತಮ್ಮಲ್ಲೇ ಬರೆದುಕೊಂಡದ್ದಂತೂ ಇಲ್ಲಿ ಇಲ್ಲವೇ ಇಲ್ಲ. ಅವರಿಬ್ಬರ ನಡುವೆ ಯುದ್ಧದುದ್ದಕ್ಕೂ ಸುಮಾರು ಎರಡು ಸಾವಿರ ಸಂದೇಶಗಳು ಓಡಾಡಿವೆ. ಹಾಗಾಗಿ ಹಳೇ ಮದುವೆ ಕಾಗದಗಳನ್ನು ಕತ್ತರಿಸಿ ಚೀಟಿ ಮಾಡಿಕೊಂಡೆ. ಒಂದು ಪತ್ರಕ್ಕೆ ಒಂದು ಚೀಟಿ. ಬರೆದ ದಿನ, ಕಳಿಸಿದ ದಿನ, ತಲುಪಿದ ದಿನ. ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಮನೆಯವರು ಎರಡು ವಾರ ನೆಲದ ಮೇಲೆ ಕೂತು ಉಂಡರು.

ಆ ಸಾಲಿನಲ್ಲಿ ಕಂಡ ಜಗಳ ಇದು. ಮಾರ್ಚ್ ತಿಂಗಳಲ್ಲಿ ಇಟಲಿಯಲ್ಲಿದ್ದ, ಹಿಟ್ಲರನ ನಾಜಿ ಪಡೆ ಎಸ್‌ಎಸ್‌ನ ಜನರಲ್ ಕಾರ್ಲ್ ವೋಲ್ಫ್, ಸ್ವಿಟ್ಜರ್ಲೆಂಡಿನಲ್ಲಿ ಅಮೆರಿಕದ ಗೂಢಚಾರ ಅಧಿಕಾರಿ ಅಲೆನ್ ಡಲ್ಲೆಸ್‌ನನ್ನು ಗುಟ್ಟಾಗಿ ಕಂಡ. ಇಟಲಿಯ ಜರ್ಮನ್ ಸೇನೆ ಶರಣಾಗುವ ಮಾತು. ಸೋವಿಯತ್ತಿನವರು ನಮ್ಮ ಅಧಿಕಾರಿಗಳನ್ನೂ ಕೂರಿಸಿಕೊಳ್ಳಿ ಎಂದರು. ಅಮೆರಿಕ, ಬ್ರಿಟನ್ನಿನವರು ಬೇಡ ಎಂದರು. ಏಪ್ರಿಲ್ 3ರಂದು ಸ್ಟಾಲಿನ್ ನೇರವಾಗಿಯೇ ಆರೋಪ ಮಾಡಿದರು: ನೀವು ಜರ್ಮನರ ಜೊತೆ ಒಪ್ಪಂದ ಮಾಡಿಕೊಂಡಿದ್ದೀರಿ, ಅವರು ಪಶ್ಚಿಮದಲ್ಲಿ ನಿಮಗೆ ದಾರಿ ಬಿಡುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ರಾಜಧಾನಿಯ ಹೆಸರಿನಲ್ಲಿ ಇದನ್ನೇ ‘ಬರ್ನ್ ಪ್ರಕರಣ’ ಎನ್ನುವುದು.

ಮರುದಿನ ರೂಸ್‌ವೆಲ್ಟ್ ಹೆಸರಿನಲ್ಲಿ ಹೋದ ಉತ್ತರ ಬೆಂಕಿ. ನನ್ನ ಬಗ್ಗೆ, ನನ್ನ ನಂಬಿಕೆಯ ಜನರ ಬಗ್ಗೆ ಇಂಥ ಹೊಲಸು ಸುಳ್ಳು ಹೇಳಿದ ನಿಮ್ಮ ಮಾಹಿತಿದಾರರ ಮೇಲೆ, ಅವರು ಯಾರೇ ಆಗಿರಲಿ, ನನಗೆ ಕಹಿಯಾದ ಸಿಟ್ಟು ಬರುತ್ತಿದೆ ಎಂಬ ಅರ್ಥದ ಮಾತು.

ಇಲ್ಲಿ ನಾನು ಜಾರಿಬಿದ್ದೆ. ಬರೆದವರು ಕಾಯಿಲೆಯಲ್ಲಿದ್ದರು ಎಂದು ನನಗೆ ಗೊತ್ತಿತ್ತಲ್ಲ. 1944ರ ಮಾರ್ಚ್‌ನಲ್ಲೇ ನೌಕಾಪಡೆಯ ಹೃದಯತಜ್ಞ ಹೊವಾರ್ಡ್ ಬ್ರೂನ್, ರೂಸ್‌ವೆಲ್ಟ್ ಅವರನ್ನು ಪರೀಕ್ಷೆ ಮಾಡಿದ್ದರು. ರಕ್ತದೊತ್ತಡ 186/108. ಹೃದಯ ಸೋಲುತ್ತಿತ್ತು. ಡಿಜಿಟಾಲಿಸ್ ಎಂಬ ಹೃದಯದ ಔಷಧಿ ಶುರು ಮಾಡಿದರು. ಮೂವರು ನಾಯಕರ ಯಾಲ್ಟಾ ಸಭೆಯಿಂದ ಬಂದ ಮೇಲೆ, 1945ರ ಮಾರ್ಚ್ 1ರಂದು, ಅಮೆರಿಕದ ಸಂಸತ್ತಿನಲ್ಲಿ ಕೂತುಕೊಂಡೇ ಭಾಷಣ ಮಾಡಿದರು. ಮಾರ್ಚ್ 30ಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ಗೆ ವಿಶ್ರಾಂತಿಗೆಂದು ಹೋದರು. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ನಾನು ಆ ಪತ್ರವನ್ನು ದಣಿದ, ನೊಂದ ಮನುಷ್ಯನ ದನಿಯಲ್ಲಿ ಅನುವಾದಿಸಿದೆ. ಸಣ್ಣ ಸಣ್ಣ ವಾಕ್ಯ, ಏದುಸಿರು, ಕೊನೆಗೆ ಒಂದು ನಿಟ್ಟುಸಿರು. ಓದಿದ ಗೆಳೆಯರು “ಕಣ್ಣಲ್ಲಿ ನೀರು ಬಂತು” ಎಂದರು. ನನಗೂ ಹೆಮ್ಮೆ.

ಆಮೇಲೆ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನ ರೂಸ್‌ವೆಲ್ಟ್ ಗ್ರಂಥಾಲಯದವರು ಇಂಟರ್‌ನೆಟ್ಟಿಗೆ ಹಾಕಿರುವ ಕಾಗದಗಳನ್ನು ನೋಡಲು ಕೂತೆ. ಶ್ವೇತಭವನದಲ್ಲಿ ‘ಮ್ಯಾಪ್ ರೂಮ್’ ಎಂಬ ಕೋಣೆಯಿತ್ತು. ಈ ಪತ್ರಗಳೆಲ್ಲ ಸೇರುತ್ತಿದ್ದದ್ದು ಅಲ್ಲಿ. ಹೋಗುವ ಸಂದೇಶ ಒಂದು ಇಲಾಖೆಯ ಮೂಲಕ, ಬರುವುದು ಇನ್ನೊಂದರ ಮೂಲಕ. ಪೂರ್ತಿ ಕಡತ ಬೇರೆ ಯಾರ ಕೈಯಲ್ಲೂ ಇರಬಾರದು ಎಂಬ ಲೆಕ್ಕ. ಅಲ್ಲಿಂದ ತಿಳಿದದ್ದೇನೆಂದರೆ, ಆ ಕೊನೆಯ ವಾರಗಳ ಪತ್ರಗಳಲ್ಲಿ ಹೆಚ್ಚಿನವುಗಳ ಕರಡು ಬರೆದದ್ದು ವಾಷಿಂಗ್ಟನ್ನಿನಲ್ಲಿದ್ದವರು. ಅದರಲ್ಲೂ ಅಧ್ಯಕ್ಷರ ಸೇನಾ ಸಲಹೆಗಾರ ಅಡ್ಮಿರಲ್ ವಿಲಿಯಂ ಲೇಹಿ. ನಾನು ಏದುಸಿರು ತುಂಬಿದ್ದ ಆ ಪತ್ರ ಲೇಹಿ ಮತ್ತು ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಕಡೆಯಿಂದ ಬಂದದ್ದು. ಇಬ್ಬರೂ ಗಟ್ಟಿಮುಟ್ಟಾಗಿದ್ದ ಸೈನಿಕರು. ವಾರ್ಮ್ ಸ್ಪ್ರಿಂಗ್ಸ್‌ನಿಂದ ಬಂದದ್ದು ಒಪ್ಪಿಗೆ ಮಾತ್ರ.

ಕಣ್ಣೀರು ತರಿಸಿದ ಆ ಅನುವಾದವನ್ನು ಹರಿದು ಹಾಕಿದೆ. ಚೀಟಿಗಳ ಮೇಲೆ ಇನ್ನೊಂದು ಸಾಲು ಸೇರಿಸಿದೆ: ಕರಡು ಯಾರದು?

ಇದನ್ನು ಮಾಡಿದ ಮೇಲೆ ಮೇಜು ಬೇರೆಯೇ ಕಾಣಿಸಿತು. ಬೆಂಕಿ ಉಗುಳುವವು ಬೇರೆಯವರ ಕೈಯವು. ರೂಸ್‌ವೆಲ್ಟ್ ಖುದ್ದಾಗಿ ಬರೆಸಿದ್ದು ಎಂದು ಇತಿಹಾಸಕಾರರು ಒಪ್ಪುವುದು ಏಪ್ರಿಲ್ 11ರ ಒಂದು ಪುಟ್ಟ ಸಂದೇಶ, ಚರ್ಚಿಲ್‌ಗೆ. ಸೋವಿಯತ್ ತಕರಾರನ್ನು ಆದಷ್ಟು ಕಡಿಮೆ ಮಾಡಿ ತೋರಿಸೋಣ, ಇಂಥವು ದಿನಾ ಒಂದಲ್ಲ ಒಂದು ರೂಪದಲ್ಲಿ ಬರುತ್ತವೆ, ಹೆಚ್ಚಿನವು ತಾವೇ ಸರಿಹೋಗುತ್ತವೆ, ಬರ್ನ್ ವಿಷಯದಲ್ಲಿ ಆದ ಹಾಗೆ. ಆದರೂ ನಾವು ಗಟ್ಟಿಯಾಗಿ ನಿಲ್ಲಬೇಕು. ಇಷ್ಟೇ. ಕಾಯಿಲೆಯ ವಾಸನೆಯೂ ಇಲ್ಲ. ಮೊದಲ ಸಲ ಇದನ್ನು ನಾನು ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದಿದ್ದೆ.

ಸ್ಟಾಲಿನ್ ಪತ್ರಗಳು ಬೇರೆ ಥರದ ಕಷ್ಟ. ಏಪ್ರಿಲ್ 7ರ ಉತ್ತರದಲ್ಲಿ ಅವರ ದನಿ ಕೊಂಚ ಇಳಿದಿದೆ, ಕುಟುಕು ಇಳಿದಿಲ್ಲ. ಜರ್ಮನರು ಓಸ್ನಾಬ್ರುಕ್, ಮಾನ್‌ಹೈಮ್, ಕಾಸೆಲ್‌ನಂಥ ಊರುಗಳನ್ನು ನಿಮಗೆ ಸುಮ್ಮನೆ ಬಿಟ್ಟುಕೊಡುತ್ತಾರೆ. ನಮ್ಮ ಜೊತೆ ಮಾತ್ರ ಜೆಕೊಸ್ಲೊವಾಕಿಯಾದ ಯಾರಿಗೂ ಗೊತ್ತಿಲ್ಲದ ಯಾವುದೋ ರೈಲು ನಿಲ್ದಾಣಕ್ಕಾಗಿ ಹುಚ್ಚು ಹಿಡಿದವರಂತೆ ಕಾದಾಡುತ್ತಾರೆ. ಆ ನಿಲ್ದಾಣ ಅವರಿಗೆ ಬೇಕಾಗಿರುವುದು ಸತ್ತವನಿಗೆ ಔಷಧಿಯ ಪಟ್ಟು ಬೇಕಾದಷ್ಟೇ. ಇದು ರಷ್ಯನ್ ಗಾದೆ. ನಮ್ಮಲ್ಲಿ ‘ಹೆಣಕ್ಕೆ ಸಿಂಗಾರ’ ಎನ್ನುತ್ತಾರಲ್ಲ, ಅದನ್ನೇ ಇಡಲು ಕೈ ತುರಿಸಿತು. ಇಡಲಿಲ್ಲ. ಓದುವವರು ಸಾಯುತ್ತಿದ್ದ ಮನುಷ್ಯ, ಬರೆದ ಸ್ಟಾಲಿನ್‌ಗೆ ಅದು ಗೊತ್ತಿರಲಿಲ್ಲ. ಆ ಪಟ್ಟು ಪಟ್ಟಾಗಿಯೇ ಇರಲಿ ಎಂದುಕೊಂಡೆ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಒಂದೇ ಒಂದು ಪದ. ಲೇಹಿ ಕರಡು ಮಾಡಿದ ಕೊನೆಯ ಪತ್ರದಲ್ಲಿ, ಬರ್ನ್ ಪ್ರಕರಣ ಹಿಂದೆ ಸರಿದುಹೋಯಿತು, ಪರಸ್ಪರ ಅಪನಂಬಿಕೆ ಇರಬಾರದು, ಇಂಥ ‘ಮೈನರ್’ ತಪ್ಪು ತಿಳಿವಳಿಕೆಗಳು ಮುಂದೆ ಆಗಬಾರದು ಎಂದಿದೆ. ನಾನು ‘ಸಣ್ಣಪುಟ್ಟ’ ಎಂದು ಬರೆದು ಮುಂದೆ ಹೋಗಿದ್ದೆ. ಕನ್ನಡದಲ್ಲಿ ಕಿವಿಗೆ ಹಿತವಾಗಿತ್ತು. ಆಮೇಲೆ ನೋಡಿದರೆ, ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ ಆ ಒಂದು ಪದಕ್ಕಾಗಿ ಪತ್ರವನ್ನೇ ತಡೆಹಿಡಿದಿದ್ದರು! ಇದು ಚಿಕ್ಕ ವಿಷಯವಲ್ಲ, ಆ ಪದ ತೆಗೆಯಲೇ ಎಂದು ತಿರುಗಿ ಕೇಳಿದರು. ತೆಗೆಯುವುದು ಬೇಡ, ಇದನ್ನು ಸಣ್ಣ ಘಟನೆ ಎಂದು ಕಾಣುವುದೇ ನನ್ನ ಇಚ್ಛೆ ಎಂದು ಉತ್ತರ ಹೋಯಿತು. ಆ ಉತ್ತರವೂ ಲೇಹಿ ಬರೆದದ್ದೇ, ವಾರ್ಮ್ ಸ್ಪ್ರಿಂಗ್ಸ್‌ನಿಂದ ಒಪ್ಪಿಗೆ ಬಂದದ್ದು ಏಪ್ರಿಲ್ 12ರಂದು. ಅದೇ ಮಧ್ಯಾಹ್ನ ಚಿತ್ರ ಬರೆಸಿಕೊಳ್ಳಲು ಕೂತಿದ್ದ ರೂಸ್‌ವೆಲ್ಟ್ ತಲೆನೋವು ಎಂದು ಕುಸಿದರು. ಮಿದುಳಿನಲ್ಲಿ ರಕ್ತಸ್ರಾವ. ವಯಸ್ಸು 63.

ಹೀಗಾಗಿ ಹ್ಯಾರಿಮನ್ ಪತ್ರ ಮುಟ್ಟಿಸುವಷ್ಟರಲ್ಲಿ 13 ಆಗಿತ್ತು. ಅಚ್ಚಿನ ತಪ್ಪೇನೂ ಇರಲಿಲ್ಲ.

ಸರಿ, ಕನ್ನಡದಲ್ಲಿ ಏನು ಹಾಕುವುದು? ‘ಸಣ್ಣಪುಟ್ಟ’ದಲ್ಲಿ ಒಂದು ಉಡಾಫೆ ಇದೆ, ಜಗಳದ ನೆನಪೇ ಉಳಿಯುವುದಿಲ್ಲ. ‘ಕ್ಷುಲ್ಲಕ’ ಎಂದರೆ ಸ್ಟಾಲಿನ್‌ಗೆ ಬೈದಂತೆ. ‘ಚಿಕ್ಕ’ ಎಂದರೆ ಅಳತೆ ಹೇಳಿದಂತೆ. ಕೊನೆಗೆ ಬರೀ ‘ಸಣ್ಣ’ ಎಂದೇ ಇಟ್ಟೆ. ಒಂದು ಪದಕ್ಕೆ ಮೂರು ವಾರ ಎಂದರೆ ಗೆಳೆಯರು ನಗುತ್ತಾರೆ. ಒಬ್ಬ ರಾಯಭಾರಿ, ಒಬ್ಬ ಅಡ್ಮಿರಲ್ ಖಂಡಗಳಾಚೆಯಿಂದ ಕಾದಾಡಿದ ಪದಕ್ಕೆ ಅಷ್ಟಾದರೂ ಬೇಡವೇ?

ಚರ್ಚಿಲ್ ಬಗ್ಗೆ ಸ್ವಲ್ಪ ಹೇಳಬೇಕು. ಅವರೂ ಕಾಯಿಲೆ ಬಿದ್ದವರೇ. 1943ರ ಡಿಸೆಂಬರಿನಲ್ಲಿ, ಮೂವರ ಟೆಹರಾನ್ ಸಭೆ ಮುಗಿಸಿ ಬರುವಾಗ, ಉತ್ತರ ಆಫ್ರಿಕಾದ ಟ್ಯುನಿಸ್ ಹತ್ತಿರದ ಕಾರ್ಥೇಜ್‌ನಲ್ಲಿ ನ್ಯುಮೋನಿಯಾ. ಆಗ ಪೆನಿಸಿಲಿನ್ ಅಲ್ಲ, ಎಂ ಅಂಡ್ ಬಿ ಎಂಬ ಸಲ್ಫಾ ಮಾತ್ರೆ ಕೊಟ್ಟರು. ಆದರೆ ಆ ಸುದ್ದಿ ಬಚ್ಚಿಡಲಿಲ್ಲ, ಬ್ರಿಟಿಷ್ ಸಂಸತ್ತಿನಲ್ಲಿ ಉಪಪ್ರಧಾನಿ ಆಟ್ಲಿ ಹೇಳಿಯೇಬಿಟ್ಟರು. ರೂಸ್‌ವೆಲ್ಟ್ ಕಳಿಸಿದ ಸಂದೇಶದಲ್ಲಿ ಒಂದು ತಮಾಷೆ: ವೈದ್ಯ ಮೊರಾನ್ ಹೇಳಿದಂತೆ ಕೇಳಬೇಕು ಎಂದು ಬೈಬಲ್‌ನಲ್ಲಿದೆ, ಯಾವ ಅಧ್ಯಾಯ, ಯಾವ ವಚನ ಅಂತ ಮಾತ್ರ ಈಗ ಕೈಗೆ ಸಿಗುತ್ತಿಲ್ಲ. ಬೈಬಲ್ ತೆಗೆದು ಭಗವದ್ಗೀತೆ ಹಾಕಿ ಎಂದು ಗೆಳೆಯರ ಸಲಹೆ. ನಾನು ಕೇಳಲಿಲ್ಲ.

ಇದರ ಪಕ್ಕದಲ್ಲಿ 1945ರ ಮಾರ್ಚ್‌ನ ಚರ್ಚಿಲ್ ಸಂದೇಶ ಇಟ್ಟು ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನ್ನ ಇಷ್ಟೊಂದು ಸಂದೇಶಗಳಿಂದ ನಿಮಗೆ ಬೇಸರವಾಗುತ್ತಿಲ್ಲ ತಾನೆ ಎಂದು ಶುರು. ನಮ್ಮ ಸ್ನೇಹವೇ ನಾನು ಕಟ್ಟುವುದಕ್ಕೆಲ್ಲ ತಳಹದಿಯ ಬಂಡೆ ಎಂಬ ಮಾತು. ಅವರು ಬರೆಯುತ್ತಿರುವುದು ಗೆಳೆಯನಿಗೆ. ಉತ್ತರ ಬರುತ್ತಿರುವುದು ಹೆಚ್ಚಾಗಿ ಬೇರೆಯವರ ಮೇಜಿನಿಂದ. ಆಗ ತನ್ನ ಮಾತು ರೂಸ್‌ವೆಲ್ಟ್ ಅವರಿಗೆ ಪೂರ್ತಿ ಕೇಳಿಸುತ್ತಿರಲಿಲ್ಲ ಎಂದು ಯುದ್ಧ ಮುಗಿದು ವರ್ಷಗಳಾದ ಮೇಲೆ ಚರ್ಚಿಲ್ ಬರೆದುಕೊಂಡರು. ಡಾಕ್ಟರ್ ಬ್ರೂನ್ ತಮ್ಮ ಟಿಪ್ಪಣಿ ಪ್ರಕಟಿಸಿದ್ದಂತೂ 1970ರಲ್ಲಿ.

ಈ ಸಂದೇಶದಲ್ಲಿ ‘ನೀವು’ ಹಾಕುವುದೋ ‘ನೀನು’ ಹಾಕುವುದೋ ಎಂದು ತೂಗಾಡಿದೆ. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಕೊಟ್ಟು ಬಚಾವಾಗಿದೆ. ಎಲ್ಲ ಕಡೆ ‘ನೀವು’ ಇಟ್ಟೆ. ಈ ಒಂದರಲ್ಲಿ ‘ನೀನು’ ಬಂದಿದ್ದರೆ ಚೆನ್ನಾಗಿತ್ತೇನೋ ಎಂದು ಈಗಲೂ ಅನಿಸುತ್ತದೆ.

ಪತ್ರಿಕೆಯಲ್ಲಿ ಪ್ರತಿ ಪತ್ರದ ಕೆಳಗೆ ಕರಡು ಬರೆದವರ ಹೆಸರು ಹಾಕಿಸಿದೆ. ಗೆಳೆಯರಿಗೆ ಇಷ್ಟವಿರಲಿಲ್ಲ, ಓದು ತಡೆಯುತ್ತದೆ ಎಂದರು. ತಡೆಯಲಿ ಅಂತಲೇ ಹಾಕಿಸಿದ್ದು. ಕೊನೆಯ ಪತ್ರದ ಕೆಳಗಿನ ಸಾಲು ಹೀಗಿದೆ: ಕರಡು ಲೇಹಿ, ಒಪ್ಪಿಗೆ ರೂಸ್‌ವೆಲ್ಟ್, ತಲುಪಿದ್ದು ಏಪ್ರಿಲ್ 13. ನನ್ನ ಹಳೇ ಸಂಪುಟದಲ್ಲಿ ಆ ಪೆನ್ಸಿಲ್ ಚಿಹ್ನೆ ಇನ್ನೂ ಹಾಗೇ ಇದೆ, ಅಳಿಸಿಲ್ಲ.