ನೆಂಟರನ್ನು ಕಾಡಿಗೆ ಕರೆಯುವ ಚಿತ್ರಪುಸ್ತಕ: ಸೋಲಿಗ ಮಕ್ಕಳ ಜೊತೆ ಮಾಡುವ ಬಗೆ

ಬಿಳಿಗಿರಿರಂಗನ ಬೆಟ್ಟದ ಪೋಡುಗಳ (ಸೋಲಿಗ ಬುಡಕಟ್ಟಿನವರ ಹಾಡಿಗಳ) ಮಕ್ಕಳ ಜೊತೆ ಚಿತ್ರಪುಸ್ತಕಕ್ಕೆ ಕೂರುವಾಗ ನಾನು ಮೊದಲು ಗಟ್ಟಿ ಮಾಡಿಕೊಳ್ಳುವುದು, ಪುಸ್ತಕದಲ್ಲಿ ಮಾತಾಡುವವರು ಯಾರು ಎಂಬುದನ್ನು. ಸೋಲಿಗ ಮಕ್ಕಳು ಮನೆಯವರು, ಓದುವವರು ನೆಂಟರು. ಇಷ್ಟು ತೀರ್ಮಾನವಾದರೆ ಪುಟಗಳ ಕ್ರಮ ತಾನೇ ಹೊಳೆಯುತ್ತದೆ. ನೆಂಟರು ಕೆಳಗಿನಿಂದ ಹತ್ತಿ ಬರುತ್ತಾರೆ: ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹಸಿರು ಕಾಡು, ಮೇಲೆ ಶೋಲಾ (ಬೆಟ್ಟದ ಕಣಿವೆಗಳ ಗಿಡ್ಡ ಕಾಡು) ಮತ್ತು ಹುಲ್ಲುಗಾವಲು. ಜೊತೆಗೆ ಒಂದು ಹಳ್ಳ, ಒಂದು ಜೇನುಮರ, ಕೊನೆಗೆ ಪೋಡು. ಒಟ್ಟು ಏಳು ಜೋಡಿಪುಟ (ಎದುರುಬದುರಿನ ಎರಡು ಪುಟ). ಶೀರ್ಷಿಕೆಗೆ ಒಂದು, ಹೆಸರುಗಳಿಗೆ ಒಂದು ಪುಟ ಸೇರಿ 16. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಮಡಿಯಲ್ಲೇ ಇರಬೇಕು.

ಚಿತ್ರಕ್ಕೆ ಮೊದಲು ಗ್ರಾಮಸಭೆಯ ಒಪ್ಪಿಗೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಕೆ) ಕಲಮು ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಒಪ್ಪಿದೆ, ಹಾಗಾಗಿ ಇದು ಬರೀ ಮರ್ಯಾದೆಯ ಮಾತಲ್ಲ. ದೇವರು, ಮಾರಮ್ಮ, ಕಲ್ಲುಗುಡಿ, ವೀರು, ಅಬ್ಬಿ ಎಂಬ ಸೋಲಿಗರ ಪವಿತ್ರ ಜಾಗಗಳ ದಾರಿ, ಮದ್ದಿನ ಗಿಡಗಳ ಗುರುತು ಪುಸ್ತಕದಲ್ಲಿ ಬರಬಾರದು. ಏನು ಬಿಡಬೇಕೆಂದು ಹಿರಿಯರೇ ಹೇಳಲಿ.

'ಪ್ರಾಣಿ ಬರಿ' ಅಂದರೆ ಮಕ್ಕಳು ಗೋಡೆಯ ಚಾರ್ಟಿನ ಸಿಂಹ ಬರೆಯುತ್ತಾರೆ. ಅದಕ್ಕೆ ಮೊದಲು ಹೆಜ್ಜೆ, ಲದ್ದಿ, ಉಗುರಿನ ಗೀರು ಬರೆಸುತ್ತೇನೆ, ಆಮೇಲೆ ಅದು ಮಲಗುವ ಜಾಗ, ಕೊನೆಗೆ ಪ್ರಾಣಿ. ಆಗ ಕಣ್ಣಾರೆ ಕಂಡದ್ದೇ ಕಾಗದಕ್ಕಿಳಿಯುತ್ತದೆ. ಅಳತೆ ತಪ್ಪಿದರೆ ತಿದ್ದುವುದಿಲ್ಲ. ಗುಣ ತಪ್ಪಿದರೆ ಮಾತ್ರ ಬರೆದ ಮಗುವನ್ನೇ ಕೇಳುತ್ತೇನೆ. ನಮ್ಮ ಕರಡಿ ಕಂದು ಬಣ್ಣದ್ದಲ್ಲ. ಜೂಲುಗೂದಲಿನ ಕಪ್ಪು ಮೈ, ಎದೆಯ ಮೇಲೆ ಬಿಳಿ ಕವಲು ಪಟ್ಟೆ, ಹುತ್ತ ಕೆದಕುವ ಉದ್ದ ಉಗುರು. ಹೆಣ್ಣಾನೆಗೆ ಹೊರಗೆ ಕಾಣುವ ದಂತವಿಲ್ಲ. ಕಾಟಿಯ (ಕಾಡುಕೋಣದ) ಕಾಲು ಮೊಣಕಾಲಿನಿಂದ ಕೆಳಗೆ ಬೆಳ್ಳಗೆ. ಹೊರಗಿನ ಕಲಾವಿದರು ಹೆಚ್ಚು ಎಡವುವುದು ಜೇನಿನಲ್ಲಿ: ಹೆಜ್ಜೇನು ಬಂಡೆಗೋ ಎತ್ತರದ ಕೊಂಬೆಗೋ ಬಯಲಲ್ಲೇ ಒಂದೇ ಎರಿ ತೂಗುಬಿಡುತ್ತದೆ, ತುಡುವೆ ಜೇನು ಪೊಟರೆಯೊಳಗೆ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಒಂದರ ಗೂಡಿಗೆ ಇನ್ನೊಂದನ್ನು ಸೇರಿಸಿದ ಚಿತ್ರ ಪೋಡಿನ ಯಾವ ಮಗುವಿನ ಮುಂದೂ ನಿಲ್ಲದು.

ಪುಟದ ಅಳತೆ 20 ಸೆಂ.ಮೀ. ಚೌಕ. ಜೋಡಿಪುಟ 40 ಸೆಂ.ಮೀ. ಆಗುವುದರಿಂದ ಎ3 ಹಾಳೆಯಲ್ಲಿ ಬರೆಸಿದರೆ ಹಿಗ್ಗಿಸಬೇಕಿಲ್ಲ. ಸುತ್ತ 3 ಮಿ.ಮೀ. ಅಂಚು ಕತ್ತರಿಸಲು ಹೆಚ್ಚುವರಿ, ನಡುಮಡಿಕೆಯ ಎರಡೂ ಬದಿ 1 ಸೆಂ.ಮೀ. ಖಾಲಿ. ಇಲ್ಲದಿದ್ದರೆ ಆನೆಯ ಕಣ್ಣು ಪಿನ್ನಿಗೆ ಸಿಗುತ್ತದೆ. ಮೇಣದ ಬಳಪದ ತಿಳಿ ಬಣ್ಣ ಸ್ಕ್ಯಾನಿನಲ್ಲಿ ಮಾಯವಾಗುತ್ತದೆ, ಪೋಸ್ಟರ್ ಬಣ್ಣ ನಿಲ್ಲುತ್ತದೆ. ಸ್ಕ್ಯಾನಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಹೊಳೆಯುವ ಎಲೆಹಸಿರು ಅಚ್ಚಿನಲ್ಲಿ ಮಂಕಾಗುವುದು ಖಂಡಿತ, ಒಂದು ಪುಟ ಮೊದಲೇ ಅಚ್ಚು ಹಾಕಿಸಿ ನೋಡಬೇಕು.

ಮಾತು ಸೋಲಿಗನುಡಿಯಲ್ಲಿ, ಕನ್ನಡ ಲಿಪಿಯಲ್ಲಿ, ಬಾಯಲ್ಲಿ ಬಂದ ಹಾಗೆಯೇ. ಅದನ್ನು ಪುಸ್ತಕದ ಕನ್ನಡಕ್ಕೆ 'ಸರಿಪಡಿಸುವ' ಚಪಲ ದೊಡ್ಡದು. ಹಾಗೆ ಮಾಡಿದರೆ ಮಗು ತನ್ನ ಮನೆಯಲ್ಲೇ ಪರಕೀಯವಾಗುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ಕನ್ನಡ ಅರ್ಥ. ಜೋಡಿಪುಟಕ್ಕೆ ಎರಡೇ ಸಾಲು: ಒಂದು ಕರೆ, ಒಂದು ಕೋರಿಕೆ. 'ಬನ್ನಿ, ಆನೆ ನೀರಿಗಿಳಿದಿದೆ. ಅದು ಎದ್ದು ಹೋಗುವವರೆಗೆ ಇಲ್ಲೇ ನಿಲ್ಲೋಣ' ಎಂಬ ಅರ್ಥದ್ದು. ಬರೀ 'ಮಾಡಬೇಡಿ' ಸೇರಿಸುತ್ತ ಹೋದರೆ ಚೆಕ್‌ಪೋಸ್ಟಿನ ಫಲಕವಾಗುತ್ತದೆ.

ಅಕ್ಷರ 22 ಪಾಯಿಂಟ್, ಸಾಲಿನ ಅಂತರ 36 ಪಾಯಿಂಟ್. ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ (ಇಕಾರದ ಚಿಹ್ನೆಗೆ) ತಾಗುತ್ತದೆ. ಯೂನಿಕೋಡ್ ಫಾಂಟೇ ಇರಲಿ. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಒತ್ತುಗಳು ಬಿಡಿಬಿಡಿಯಾಗುತ್ತವೆ.

ಅಚ್ಚಿಗೆ ಕೊಡುವ ಮೊದಲು ಕೈಯಲ್ಲಿ ಹೊಲಿದ ಮಾದರಿಯನ್ನು ಪೋಡಿನಲ್ಲಿ ಜೋರಾಗಿ ಓದಿಸಬೇಕು. ಹಿರಿಯರು ಒಂದು ಪದಕ್ಕೆ ತಡೆದರೆ ಆ ಪುಟ ಮತ್ತೆ ಮೇಜಿಗೆ. ಕೊನೆಯ ಪುಟದಲ್ಲಿ ಚಿತ್ರ ಬರೆದ ಪ್ರತಿ ಮಗುವಿನ ಹೆಸರು, ಅದು ತನ್ನ ಹೆಸರನ್ನು ಹೇಳಿಕೊಳ್ಳುವ ಹಾಗೆಯೇ.