ಆರ್‌ಸಿ ಬಗ್ಗಿಯ ಡಿಫ್ ಕಟ್ಟುವುದು ಹೇಗೆ?

ಹೋದ ಡಿಸೆಂಬರಿನಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯನ ಗದ್ದೆಯಲ್ಲಿ ನನ್ನ ಆರ್‌ಸಿ ಬಗ್ಗಿ, ಅಂದರೆ ರಿಮೋಟಿನಿಂದ ಓಡುವ ಪುಟ್ಟ ಕಾರು, ಓಡಿಸುತ್ತಿದ್ದೆ. ಕೊಯ್ಲು ಮುಗಿದು ಗದ್ದೆ ಒಣಗಿತ್ತು. ಥ್ರಾಟಲ್ ಒತ್ತಿದರೆ ಮುಂದಿನ ಎರಡು ಟೈರು ಬಲೂನಿನ ಹಾಗೆ ಊದಿಕೊಂಡು ಗರಗರ ತಿರುಗುತ್ತವೆ, ಗಾಡಿಗೆ ಮಾತ್ರ ಓಟವೇ ಇಲ್ಲ. ಸ್ಪ್ರಿಂಗ್ ಬದಲಿಸಿದೆ. ಟೈರ್ ಬದಲಿಸಿದೆ. ಅರ್ಧ ದಿನ ಹೀಗೇ ಹೋಯಿತು. ಸಂಜೆ ಗೆಳೆಯ ಬಾಡಿ ತೆಗೆದು ಒಳಗೆ ಬೆರಳಾಡಿಸಿದ. "ಮಾರಾಯ, ನಿನ್ ಎಣ್ಣೆ ಎಲ್ಲಾ ಹೊರಗೇ ಇದ್ಯಲ!"

ನಡುವಿನ ಡಿಫರೆನ್ಶಿಯಲ್, ಅಂದರೆ ಚಕ್ರಗಳಿಗೆ ಓಟ ಹಂಚುವ ಗೇರುಗಳ ಜೋಡಣೆ (ಚಿಕ್ಕದಾಗಿ ಡಿಫ್), ಸೋರಿ ಬರಿದಾಗಿತ್ತು. ಕಟ್ಟಿದವನು ನಾನೇ, ಬೈಯೋಕೆ ಬೇರೆ ಯಾರೂ ಇರಲಿಲ್ಲ. ಯಾವ ನಂಬರಿನ ಎಣ್ಣೆ ಹಾಕಬೇಕು ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ ಎಣ್ಣೆ ಒಳಗೇ ನಿಲ್ಲುವ ಹಾಗೆ ಕಟ್ಟುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಕಟ್ಟುವ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಡಿಫ್ ಯಾಕೆ ಬೇಕು?

ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸುವುದನ್ನು ನೋಡಿದವರಿಗೆ ಇದು ಗೊತ್ತು. ಮೇಟಿ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ದಾಪುಗಾಲು ಹಾಕಬೇಕು. ಬಗ್ಗಿಯ ಎಡ-ಬಲ ಚಕ್ರಗಳ ನಡುವೆ 26 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಒಂದು ಪೂರ್ತಿ ಸುತ್ತು ಹೊಡೆಯುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 1.6 ಮೀಟರ್ ಜಾಸ್ತಿ ಓಡಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲ ಕೆರೆಯಲೇಬೇಕು. ಡಿಫ್ ಇದ್ದರೆ ಎರಡೂ ತಮ್ಮ ತಮ್ಮ ವೇಗದಲ್ಲಿ ತಿರುಗುತ್ತವೆ.

ಆದರೆ ಇದರಲ್ಲೇ ಒಂದು ತೊಂದರೆಯೂ ಇದೆ. ಒಂದು ಚಕ್ರ ಗಾಳಿಯಲ್ಲೆದ್ದರೆ ಓಟವೆಲ್ಲ ಅದಕ್ಕೇ ಹೋಗಿಬಿಡುತ್ತದೆ. ಇದನ್ನು ತಡೆಯಲು ಡಿಫ್ ಒಳಗೆ ಗಟ್ಟಿ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಎಣ್ಣೆ ಗಟ್ಟಿಯಾದಷ್ಟೂ ಎರಡು ಚಕ್ರಗಳ ವೇಗದ ವ್ಯತ್ಯಾಸಕ್ಕೆ ಅಡ್ಡಿ ಜಾಸ್ತಿ.

1:8 ಅಳತೆಯ, ಅಂದರೆ ನಿಜವಾದ ಗಾಡಿಯ ಎಂಟನೇ ಒಂದರಷ್ಟಿನ ಬಗ್ಗಿಯಲ್ಲಿ ಡಿಫ್ ಮೂರು. ಮುಂದೊಂದು, ಹಿಂದೊಂದು, ಮುಂದಕ್ಕೂ ಹಿಂದಕ್ಕೂ ಓಟ ಹಂಚಲು ನಡುವೆ ಒಂದು. ಎಣ್ಣೆಯ ನಂಬರನ್ನೂ ಮುಂದೆ-ನಡು-ಹಿಂದೆ ಎಂಬ ಸಾಲಿನಲ್ಲೇ ಹೇಳುತ್ತಾರೆ. "5-5-3" ಅಂದರೆ 5000, 5000, 3000 ಸಿಎಸ್‌ಟಿ (ಸೆಂಟಿಸ್ಟೋಕ್, ಎಣ್ಣೆ ಎಷ್ಟು ಗಟ್ಟಿ ಅನ್ನುವ ಅಳತೆ). ನೀರು 1 ಸಿಎಸ್‌ಟಿ. 7000ದ ಎಣ್ಣೆ ಹೆಚ್ಚುಕಡಿಮೆ ಜೇನುತುಪ್ಪದ ಹಾಗೆ ಇಳಿಯುತ್ತದೆ. ಶಾಕ್ ಅಬ್ಸಾರ್ಬರಿಗೆ ಹಾಕುವ ಎಣ್ಣೆ ಕೆಲವು ನೂರರ ಲೆಕ್ಕದ್ದು, ಅದನ್ನು ಇಲ್ಲಿ ಹಾಕಬೇಡಿ.

ಬಿಚ್ಚಿ ತೊಳೆಯುವುದು

ಆಷಾಢದ ಮಳೆಗೆ ಬಗ್ಗಿ ಹೊರಗೆ ತೆಗೆಯುವ ಹಾಗಿಲ್ಲ. ಡಿಫ್ ಬಿಚ್ಚೋಕೆ ಅದೇ ಸರಿಯಾದ ಹೊತ್ತು. ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ. ಒಳಗಿನ ಪಿನ್ನುಗಳು ನೆಲಕ್ಕೆ ಬಿದ್ದರೆ ಸಿಗುವುದಿಲ್ಲ.

ಭಾಗಗಳಿಗೆ ನಮ್ಮ ಜೀಪ್ ಗ್ಯಾರೇಜಿನ ಹೆಸರುಗಳೇ ಸಾಕು. ದೊಡ್ಡ ಹಲ್ಲುಚಕ್ರ ಕ್ರೌನ್. ಒಳಗೆ ಎರಡು ಸನ್ ಪಿನಿಯನ್, ಅವುಗಳ ನಡುವೆ ಅಡ್ಡ ಪಿನ್ನುಗಳ ಮೇಲೆ ಕೂರುವ ನಾಲ್ಕು ಪುಟ್ಟ ಸ್ಟಾರ್ ಪಿನಿಯನ್. ಇವನ್ನೆಲ್ಲ ಹಿಡಿದಿಡುವ ಬಟ್ಟಲಿನಂಥ ಒಂದು ಕಪ್ಪು. ಎರಡೂ ಬದಿಗೆ ಹೊರಚಾಚಿ ಓಟವನ್ನು ಹೊರಗೆ ಕೊಡುವ ದಂಡು ಔಟ್‌ಡ್ರೈವ್.

ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಒ-ರಿಂಗ್‌ಗಳನ್ನು ಬೇರೆ ತೆಗೆದಿಟ್ಟು ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ, ಆಮೇಲೆ ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಹಳೆ ಎಣ್ಣೆ ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಸವೆದ ಲೋಹದ ಪುಡಿ. ಅಡ್ಡ ಪಿನ್ನಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಪಿನ್ನು ಸವೆದಿದೆ, ಬದಲಿಸಿ. ಔಟ್‌ಡ್ರೈವ್ ಮೇಲೆ ಒ-ರಿಂಗ್ ಕೂರುವ ಜಾಗದಲ್ಲಿ ಗೀರು ಕಂಡರೆ ಎಷ್ಟು ಹೊಸ ರಿಂಗ್ ಹಾಕಿದರೂ ಸೋರುತ್ತದೆ. ನನ್ನದು ಸೋರಿದ್ದು ಇಲ್ಲೇ. ನಮ್ಮ ಕೆಮ್ಮಣ್ಣಿನ ಧೂಳು ಗ್ರೀಸಿನ ಜೊತೆ ಸೇರಿದರೆ ಉಜ್ಜುಕಾಗದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಕಟ್ಟುವುದು

ಹೊಸ ಒ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ ಕಪ್ಪಿನ ಗುಳಿಯಲ್ಲಿ ಕೂರಿಸಿ. ಅದರ ಮೇಲೆ ಶಿಮ್, ಅಂದರೆ ತೆಳು ವಾಷರ್. ಹೊರಗಿನಿಂದ ಔಟ್‌ಡ್ರೈವನ್ನು ತಿರುಗಿಸುತ್ತಾ ಒಳಗೆ ತಳ್ಳಿ. ನೇರ ಗುದ್ದಿದರೆ ರಿಂಗ್ ಕತ್ತರಿಸುತ್ತದೆ. ಒಳಬದಿಯಲ್ಲಿ ಸಣ್ಣ ಪಿನ್ನು ತೂರಿಸಿ, ಅದರ ಮೇಲೆ ಸನ್ ಪಿನಿಯನ್ ಕೂರಿಸಿ. ಕ್ರೌನ್ ಬದಿಗೂ ಹೀಗೇ ಮಾಡಿ. ಸ್ಟಾರ್‌ಗಳನ್ನು ಅಡ್ಡ ಪಿನ್ನಿಗೆ ಏರಿಸಿ, ಬೆನ್ನಿಗೆ ಶಿಮ್ ಹಾಕಿ ಕಪ್ಪಿನೊಳಗೆ ಇಳಿಸಿ. ಎಣ್ಣೆ ಹಾಕುವ ಮೊದಲು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ತಡೆಯಬಾರದು, ಲೊಡಲೊಡ ಅನ್ನಲೂಬಾರದು.

ಇನ್ನು ಎಣ್ಣೆ. ಅರ್ಧ ಸುರಿದು ಗೇರುಗಳನ್ನು ಮೆಲ್ಲಗೆ ತಿರುಗಿಸಿ. ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಕಾಫಿ ಮಾಡಿಕೊಂಡು ಕುಡಿದು ಬನ್ನಿ. ಆಮೇಲೆ ಅಡ್ಡ ಪಿನ್ನು ಮುಚ್ಚಿ ಸ್ವಲ್ಪ ಮೇಲೆ ಬರುವಷ್ಟು ಹಾಕಿ. ಕಂಠದವರೆಗೆ ತುಂಬಬೇಡಿ. ಸಿಲಿಕೋನ್ ಎಣ್ಣೆ 50 ಡಿಗ್ರಿ ಬಿಸಿಯೇರಿದರೆ ಹೆಚ್ಚುಕಡಿಮೆ ಶೇ 5ರಷ್ಟು ಹಿಗ್ಗುತ್ತದೆ. ಒಳಗೆ ಜಾಗ ಇಲ್ಲದಿದ್ದರೆ ಅದು ಒ-ರಿಂಗ್ ಒತ್ತಿಕೊಂಡು ಹೊರಗೆ ಬರುತ್ತದೆ.

ಕಣ್ಣಳತೆಯನ್ನು ಮಾತ್ರ ನಂಬಬೇಡಿ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಕಪ್ಪನ್ನು ಇಟ್ಟು ತೂಕ ಬರೆದುಕೊಳ್ಳಿ. ಮುಂದಿನ ಸಲ ಅಷ್ಟೇ ಹಾಕಿ. ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ ಹಾಕಿದರೆ 5000ದ ಎಣ್ಣೆಯೇ ಎರಡು ಥರ ಓಡುತ್ತದೆ. ಆಮೇಲೆ ನೀವು ಬಾಟಲಿಗೆ ಬೈಯುತ್ತೀರಿ.

ಗ್ಯಾಸ್ಕೆಟ್ ಇಟ್ಟು ಕ್ರೌನ್ ಮುಚ್ಚಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕ್ರೌನ್ ಹಿಡಿದು ಒಂದು ಔಟ್‌ಡ್ರೈವ್ ತಿರುಗಿಸಿದರೆ ಇನ್ನೊಂದು ಉಲ್ಟಾ ತಿರುಗಬೇಕು. ರಾತ್ರಿಯೆಲ್ಲ ಕಾಗದದ ಮೇಲೆ ಇಡಿ. ಬೆಳಿಗ್ಗೆ ಕಲೆ ಕಂಡರೆ ಮತ್ತೆ ಬಿಚ್ಚಿ, ಬೇರೆ ದಾರಿ ಇಲ್ಲ.

ಡಿಫನ್ನು ಗಾಡಿಯ ಗೇರ್ ಪೆಟ್ಟಿಗೆಯಲ್ಲಿ ಕೂರಿಸುವಾಗ ಬೇರಿಂಗ್ ಪಕ್ಕದ 0.1 ಅಥವಾ 0.2 ಮಿಲಿಮೀಟರಿನ ಶಿಮ್‌ಗಳನ್ನು ಆ ಬದಿಯಿಂದ ಈ ಬದಿಗೆ ಹಾಕಿ ಕ್ರೌನ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಹಲ್ಲು ಹೊಂದಿಸಿ. ಕೂದಲೆಳೆಯಷ್ಟು ಆಟ ಇರಲಿ. ಬಿಗಿಯಾದರೆ ಬಿಸಿಯೇರುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ. ಕ್ರೌನ್ ಯಾವ ಬದಿಗೆ ಬರಬೇಕು ಅಂತ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಒಮ್ಮೆ ನಾನು ಮುಂದಿನ ಡಿಫ್ ತಿರುಗಿಸಿ ಕೂರಿಸಿದ್ದೆ. ಹಿಂದಿನ ಚಕ್ರ ಮುಂದಕ್ಕೆ, ಮುಂದಿನ ಚಕ್ರ ಹಿಂದಕ್ಕೆ. ಬಗ್ಗಿ ನಿಂತಲ್ಲೇ ಕುಣಿಯಿತು.

ಮಣ್ಣಿಗೆ ತಕ್ಕಂತೆ ಹೊಂದಿಸುವುದು

5-5-3ರಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಡಿಫ್ ಬದಲಿಸಿ. ಮುಂದೆ ಮತ್ತು ನಡುವೆ 2000ದ ಹೆಜ್ಜೆ, ಹಿಂದೆ 1000ದ್ದು ಸಾಕು.

ಮೊದಲು ನಡುವಿನದನ್ನು ನೋಡಿ. ಥ್ರಾಟಲ್ ಕೊಟ್ಟಾಗ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗುತ್ತದೆ. ಎಣ್ಣೆ ತೆಳುವಾಗಿದ್ದರೆ ಓಟ ಮುಂದಕ್ಕೆ ಸೋರಿಹೋಗುತ್ತದೆ. ಗುಡಿಸಿ ಗಟ್ಟಿಯಾದ ಅಂಗಳದಲ್ಲಿ ಹೀಗಾದರೆ 7000 ಹಾಕಿ, ನಾಲ್ಕೂ ಚಕ್ರ ಒಟ್ಟಿಗೆ ಎಳೆಯುತ್ತವೆ. ಆದರೆ ಅದೇ 7000 ಭತ್ತದ ಕೂಳೆ ಇರುವ ಗದ್ದೆಯಲ್ಲಿ ಗಾಡಿಯನ್ನು ಕುಪ್ಪಳಿಸುವ ಹಾಗೆ ಮಾಡುತ್ತದೆ. ಅಲ್ಲಿ ನನಗೆ 4000ವೇ ಹಿತ.

ತಿರುವಿಗೆ ಬರುವಾಗ, ಥ್ರಾಟಲ್ ಬಿಟ್ಟ ಮೇಲೂ ಮೂಗು ತಿರುಗಲ್ಲ ಅಂದರೆ ಮುಂದಿನದನ್ನು ತೆಳು ಮಾಡಿ. ಬ್ರೇಕ್ ಹಿಡಿದಾಗ ಗಾಡಿ ಚಂಚಲ ಅನ್ನಿಸಿದರೆ, ತಿರುವಿನಿಂದ ಹೊರಬರುವಾಗ ಮುಂದಿನಿಂದ ಎಳೆತ ಸಾಲದಿದ್ದರೆ ಗಟ್ಟಿ ಮಾಡಿ. ತಿರುವಿನಲ್ಲಿ ಬಾಲ ಜಾರಿದರೆ ಹಿಂದಿನದು 3000ದಿಂದ 2000ಕ್ಕೆ ಇಳಿಯಲಿ. ಒಣ ಧೂಳಿನಲ್ಲಿ ಇದು ಬೇಗ ಕೆಲಸ ಮಾಡುತ್ತದೆ.

ಬೇಕಾದ ನಂಬರ್ ಇಲ್ಲದಿದ್ದರೆ ಎರಡು ಎಣ್ಣೆ ಬೆರೆಸಬಹುದು. ಆದರೆ 3000 ಮತ್ತು 7000 ಸಮ ಸೇರಿಸಿದರೆ 5000 ಆಗುವುದಿಲ್ಲ, ಸುಮಾರು 4600 ಆಗುತ್ತದೆ. ತೆಳು ಎಣ್ಣೆಯ ಕಡೆಗೇ ವಾಲುತ್ತದೆ. ಒಂದೇ ಕಂಪನಿಯ ಬಾಟಲಿಗಳಾದರೆ ಒಳ್ಳೆಯದು.

ಹೊಸ ಗೇರು ಹಾಕಿದ ಮೇಲೆ ಮೊದಲ ಎಣ್ಣೆ ಬೇಗ ಕೊಳೆಯಾಗುತ್ತದೆ. ನಾಲ್ಕಾರು ಬ್ಯಾಟರಿ ಓಡಿಸಿದ ಮೇಲೆ ಒಮ್ಮೆ ಬಿಚ್ಚಿ ಬದಲಿಸಿ. ನಾನು ಡಿಫ್ ಕಪ್ಪಿನ ಮೇಲೇ ಮಾರ್ಕರ್‌ನಲ್ಲಿ ನಂಬರು, ತಾರೀಕು ಬರೆಯುತ್ತೇನೆ. ಸದ್ಯ ನಡುವಿನದರ ಮೇಲೆ "4, ಹೊಸ ರಿಂಗ್" ಅಂತ ಇದೆ. ಗೆಳೆಯ ಅದರ ಕೆಳಗೆ "ಸೋರಲ್ಲ ಅಂತೆ" ಎಂದು ಸೇರಿಸಿದ್ದಾನೆ.