ಚಿಕ್ಕ ಲ್ಯಾಪ್‌ಟಾಪ್‌ಗೆ ಜೋಡಿಸಿದ ಸಾಮಾನುಗಳು: ದಿನವಿಡೀ ಕನ್ನಡ ಟೈಪ್ ಮಾಡುವವಳ ಅನುಭವ

ನನ್ನದು 13.3 ಇಂಚಿನ ಲ್ಯಾಪ್‌ಟಾಪ್. ತೂಕ ಒಂದು ಕಿಲೋ ಚಿಲ್ಲರೆ. ಎರಡು ಟೈಪ್-ಸಿ ಪೋರ್ಟ್, ಇಯರ್‌ಫೋನ್‌ಗೆ ಒಂದು ತೂತು, ಅಷ್ಟೇ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ, ಜೊತೆಗೆ ಒಂದಿಷ್ಟು ಅನುವಾದ. ಓಡಾಡುವಾಗ ಹಗುರ ಇರಲಿ ಅಂತ ಚಿಕ್ಕದನ್ನೇ ತಗೊಂಡೆ. ಮನೆಯಲ್ಲಿ ಮಾತ್ರ ಅದು ದೊಡ್ಡ ಕಂಪ್ಯೂಟರ್‌ನ ಹಾಗೆ ಕೆಲಸ ಮಾಡಬೇಕು ಅಂತ ಒಂದೊಂದೇ ಸಾಮಾನು ತಂದು ಜೋಡಿಸಿ ನೋಡಿದೆ. ಇವುಗಳ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಮ್ಮಿ ಇಂಗ್ಲಿಷ್ ಟೈಪ್ ಮಾಡುವವರಿಗೆ, ಗೇಮ್ ಆಡುವವರಿಗೆ ಬರೆದವು. ಕನ್ನಡ ಟೈಪ್ ಮಾಡುವವರ ಬೆರಳಿಗೂ ಕಣ್ಣಿಗೂ ಬೇಕಾಗುವುದೇ ಬೇರೆ.

ಕೀಬೋರ್ಡ್ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವುದು ಇದೇ. ಲಿನಕ್ಸ್‌ನಲ್ಲಿ ಕಗಪ ಅನ್ನುವ ಹೆಸರಲ್ಲಿ ಸಿಗುತ್ತದೆ. ಇದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಕೀ ಒತ್ತಬೇಕು. ‘ಕನ್ನಡ’ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು. ಇಂಗ್ಲಿಷಿನಲ್ಲಿ ಎಫ್ ಅಷ್ಟಾಗಿ ಬಳಕೆಯಾಗುವ ಅಕ್ಷರ ಅಲ್ಲ. ನಮಗೆ ಅದಿಲ್ಲದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಆ ಕೀ ಸರಿಯಾಗಿ ಬೀಳದಿದ್ದರೆ ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ.

ಇನ್ನು ದೀರ್ಘ. ‘ಾ’ ಬರಬೇಕಾದರೆ ಶಿಫ್ಟ್ ಹಿಡಿದು ಎ ಒತ್ತಬೇಕು. ಎ ಕೀ ಎಡಗೈ ಕಿರುಬೆರಳಿನದು. ಹಾಗಾಗಿ ಶಿಫ್ಟ್ ಹಿಡಿಯುವ ಕೆಲಸ ಬಲಗೈ ಕಿರುಬೆರಳಿಗೆ ಬರುತ್ತದೆ. ‘ಶಾಲೆ’, ‘ಭಾಷೆ’ಯಂಥ ಪದಗಳಲ್ಲಿ ಮೊದಲ ವ್ಯಂಜನಕ್ಕೂ ಅದೇ ಶಿಫ್ಟ್, ಅದರ ದೀರ್ಘಕ್ಕೂ ಅದೇ ಶಿಫ್ಟ್. ಕನ್ನಡದಲ್ಲಿ ದೀರ್ಘ ಎಷ್ಟು ಬರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಬಲಗಡೆಯ ಶಿಫ್ಟ್ ನಮ್ಮ ಪಾಲಿಗೆ ಅಷ್ಟು ಮುಖ್ಯ.

ಚಿಕ್ಕ ಕೀಬೋರ್ಡ್‌ಗಳಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಪೂರ್ತಿ ಅಳತೆಯ ಕೀಬೋರ್ಡ್‌ನಲ್ಲಿ ಬಲಗಡೆಯ ಶಿಫ್ಟ್ ಮಾಮೂಲಿ ಕೀಯ ಎರಡೂ ಮುಕ್ಕಾಲು ಪಟ್ಟು ಅಗಲ ಇರುತ್ತದೆ. 65 ಪರ್ಸೆಂಟ್, 75 ಪರ್ಸೆಂಟ್ ಅಂತ ಮಾರುವ ಪುಟ್ಟ ಕೀಬೋರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಒಂದೂ ಮುಕ್ಕಾಲಕ್ಕೆ ಇಳಿದಿರುತ್ತದೆ. ಉಳಿದ ಜಾಗದಲ್ಲಿ ಮೇಲ್ಮುಖದ ಬಾಣದ ಕೀ ಬಂದು ಕೂರುತ್ತದೆ. ಗೆಳತಿಯ ಹತ್ತಿರ ಅಂಥದೊಂದನ್ನು ಎರವಲು ತಂದು ಬಳಸಿ ನೋಡಿದೆ. ಕಿರುಬೆರಳು ಚೂರು ಆಚೆ ಬಿದ್ದರೆ ಸಾಕು, ಕರ್ಸರ್ ಮೇಲಿನ ಸಾಲಿಗೆ ಹಾರುತ್ತದೆ. ಹಿಂದೆಯೇ ಒತ್ತಿದ ಎ ಅಲ್ಲಿ ಹೋಗಿ ‘ಅ’ ಆಗಿ ಬೀಳುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ಅಪಾಯ ಬೇರೆ ಇಲ್ಲ. ಸರಿಯಾಗಿದ್ದ ಸಾಲಿನಲ್ಲಿ ನಮ್ಮ ಕೈಯಿಂದಲೇ ಹೊಸ ತಪ್ಪು ಸೇರಿಕೊಂಡುಬಿಡುತ್ತದೆ, ನಮ್ಮ ಕಣ್ಣು ಆಗಲೇ ಆ ಸಾಲನ್ನು ದಾಟಿ ಬಂದಿರುತ್ತದೆ.

ತೆಳ್ಳನೆಯ ಬ್ಲೂಟೂತ್ ಕೀಬೋರ್ಡ್ ಕೂಡ ನೋಡಿದೆ. ಅದರಿಂದ ಒಂದು ಪೋರ್ಟ್ ಉಳಿಯುತ್ತದೆ ನಿಜ. ಆದರೆ ಬ್ಯಾಟರಿ ಉಳಿಸಲು ಅದು ಆಗಾಗ ನಿದ್ದೆಗೆ ಜಾರುತ್ತಿತ್ತು. ಒಂದು ಪ್ಯಾರಾ ಓದಿ ಮತ್ತೆ ಟೈಪ್ ಮಾಡಹೊರಟರೆ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ಓದುವುದು ಜಾಸ್ತಿ, ಬರೆಯುವುದು ನಡುನಡುವೆ ಅನ್ನುವ ನನ್ನ ಕೆಲಸಕ್ಕೆ ಅದು ಒಗ್ಗಲಿಲ್ಲ. ಕೊನೆಗೆ ನಿಂತದ್ದು 87 ಕೀಗಳ, ವೈರ್ ಇರುವ ಮೆಕ್ಯಾನಿಕಲ್ ಕೀಬೋರ್ಡ್. ಪಕ್ಕದ ನಂಬರ್ ಪ್ಯಾಡ್ ಇಲ್ಲ, ಶಿಫ್ಟ್ ಪೂರ್ತಿ ಅಗಲ. ಲ್ಯಾಪ್‌ಟಾಪ್‌ನ ಕೀ ಒಂದೂವರೆ ಮಿಲಿಮೀಟರ್ ಆಸುಪಾಸು ಒಳಗೆ ಹೋಗುತ್ತದೆ, ಇದು ನಾಲ್ಕು ಮಿಲಿಮೀಟರ್. ಎಫ್ ಬಿತ್ತೋ ಇಲ್ಲವೋ ಅನ್ನುವುದು ನೋಡದೆಯೇ ಬೆರಳಿಗೆ ಗೊತ್ತಾಗುತ್ತದೆ. ಕನ್ನಡ ಸ್ಟಿಕ್ಕರ್ ಅಂಟಿಸಿಕೊಳ್ಳುವವರು ಒಂದು ವಿಷಯ ಗಮನಿಸಿ: ನಾನು ಅಂಗಡಿಗಳಲ್ಲಿ ನೋಡಿದವು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಜೋಡಣೆಯವು. ನುಡಿ ಬಳಸುವವರಿಗೆ ಅವುಗಳಿಂದ ಗೊಂದಲವೇ ಹೆಚ್ಚು.

ಆಮೇಲೆ ಮಾನಿಟರ್. ಪ-ಫ, ಡ-ಢ, ದ-ಧ ಇವುಗಳ ನಡುವೆ ವ್ಯತ್ಯಾಸ ಎಲ್ಲಿದೆ? ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳಿನಲ್ಲಿ. ಅದು ಕಾಣದಿದ್ದರೆ ಕರಡು ತಿದ್ದಿಯೂ ಪ್ರಯೋಜನವಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಚಿಗೆ ಸುಮಾರು 166 ಪಿಕ್ಸೆಲ್. ಅಕ್ಷರ ಚೊಕ್ಕಟ, ಆದರೆ ಸಣ್ಣದು. ಹಿಗ್ಗಿಸಿದರೆ ಅರ್ಧ ಪುಟವೂ ತೆರೆಯ ಮೇಲೆ ಹಿಡಿಯುವುದಿಲ್ಲ. ಎಲ್ಲರೂ ಹೇಳುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಂಚಿಗೆ 92 ಪಿಕ್ಸೆಲ್ ಮಾತ್ರ. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ತಿದ್ದುತ್ತಿದ್ದ ಪುಸ್ತಕದ ಪಿಡಿಎಫ್ ಅನ್ನೇ ಅಂಗಡಿಯಲ್ಲಿ ತೆರೆದು ನೋಡಿದೆ. 24 ಇಂಚಿನದರಲ್ಲಿ ಒತ್ತಕ್ಷರದ ಕೆಳಗಿನ ತಿರುವುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. 2560×1440 ಇರುವ 27 ಇಂಚಿನದು ಇಂಚಿಗೆ 109 ಪಿಕ್ಸೆಲ್ ಕೊಡುತ್ತದೆ. ಅದನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದರೆ ಎ4 ಪುಟ ಪೂರ್ತಿ, ಅಸಲಿ ಅಳತೆಗಿಂತ ದೊಡ್ಡದಾಗಿ ಕಾಣುತ್ತದೆ. ಅಡಿಟಿಪ್ಪಣಿಯ ಅಕ್ಷರಗಳಲ್ಲೂ ಸೀಳು ಬಿಡಿಬಿಡಿಯಾಗಿ ಕಂಡಿತು. ಅಲ್ಲೇ ತೀರ್ಮಾನ ಮಾಡಿದೆ. ಮಾನಿಟರ್ ಕೊಳ್ಳುವಾಗ ಸ್ಟ್ಯಾಂಡ್ ಹೀಗೆ ತಿರುಗುತ್ತದಾ ಅಂತ ಕೇಳಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಇವನ್ನೆಲ್ಲ ಲ್ಯಾಪ್‌ಟಾಪ್‌ಗೆ ಸೇರಿಸುವುದು ಹಬ್, ಅಂದರೆ ಒಂದು ಪೋರ್ಟ್ ಅನ್ನು ಹಲವಾಗಿಸುವ ಪುಟ್ಟ ಸಾಧನ. ಪೆಟ್ಟಿಗೆಯ ಮೇಲೆ ‘4ಕೆ’ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್) ಅಂತ ಬರೆದಿದ್ದರೆ ಪಕ್ಕದಲ್ಲಿ 30 ಹರ್ಟ್ಸ್ ಇದೆಯೋ 60 ಇದೆಯೋ ನೋಡಬೇಕು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವ ಲೆಕ್ಕ. ಟೈಪ್-ಸಿ ಪೋರ್ಟ್‌ನಲ್ಲಿ ವೇಗದ ದಾರಿಗಳು ನಾಲ್ಕು. ಹೆಚ್ಚಿನ ಹಬ್‌ಗಳು ಎರಡನ್ನು ಚಿತ್ರಕ್ಕೆ, ಎರಡನ್ನು ಯುಎಸ್‌ಬಿಗೆ ಹಂಚುತ್ತವೆ. ಚಿತ್ರ ಸಾಗಿಸುವ ವಿಧಾನ ಹಳೆಯ ಡಿಸ್‌ಪ್ಲೇಪೋರ್ಟ್ 1.2 ಆದರೆ ಆ ಎರಡು ದಾರಿಯಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ಮಾತ್ರ ಸಾಲುತ್ತದೆ. 30ರಲ್ಲಿ ಮೌಸ್ ಬಾಣ ಕೈಯ ಹಿಂದೆ ಎಳೆದಾಡುತ್ತಾ ಬರುತ್ತದೆ, ಪುಟ ಸರಿಸುವಾಗ ಕಣ್ಣು ಸೋಲುತ್ತದೆ. ನನ್ನ 1440ರ ಮಾನಿಟರ್ 60 ಹರ್ಟ್ಸ್‌ನಲ್ಲಿ ಓಡಲು ಸಾಧಾರಣ ಹಬ್ ಸಾಕಾಯಿತು.

ನಮ್ಮ ಕಡೆ ಹಬ್ ಬಳಸುವವರಿಗೆ ಇದಕ್ಕಿಂತ ದೊಡ್ಡ ವಿಷಯ ಕರೆಂಟ್. ಹಬ್ ಮೂಲಕವೇ ಚಾರ್ಜ್ ಮಾಡಿಕೊಳ್ಳಬಹುದು ಅಂತ ಮಾರುತ್ತಾರೆ. ಕರೆಂಟ್ ಹೋದ ಕ್ಷಣ ಹಬ್‌ಗೆ ಬರುವ ವಿದ್ಯುತ್ತು ನಿಲ್ಲುತ್ತದೆ. ಆಗ ಎಷ್ಟೋ ಹಬ್‌ಗಳು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತವೆ, ಅದಕ್ಕೆ ಸಿಕ್ಕಿಸಿದ ಡಿಸ್ಕ್ ಆ ಒಂದು ಕ್ಷಣ ಕಳಚಿಕೊಳ್ಳುತ್ತದೆ. ಅದೇ ಹೊತ್ತಿಗೆ ಫೈಲ್ ಸೇವ್ ಆಗುತ್ತಿದ್ದರೆ? ನಾನು ಚಾರ್ಜರ್ ಅನ್ನು ಒಂದು ಪೋರ್ಟ್‌ಗೆ ನೇರವಾಗಿ ಕೊಡುತ್ತೇನೆ, ಹಬ್ ಇನ್ನೊಂದಕ್ಕೆ. ಕರೆಂಟ್ ಹೋದರೂ ಹಬ್‌ಗೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಎರಡು ಪೋರ್ಟ್ ಇರುವವರೆಲ್ಲ ಹೀಗೆ ಮಾಡಿ. ಹಬ್ ಮೂಲಕ ಕೊಟ್ಟರೆ 65 ವಾಟ್‌ನಲ್ಲಿ ಹತ್ತು ಹದಿನೈದು ವಾಟ್ ಅದೇ ಇಟ್ಟುಕೊಳ್ಳುತ್ತದೆ, ಆ ನಷ್ಟವೂ ಇಲ್ಲ.

ಲ್ಯಾಪ್‌ಟಾಪ್ ಇಡುವ ಸ್ಟ್ಯಾಂಡ್ ಬಗ್ಗೆ ಹೇಳುವುದು ಕಡಿಮೆ. ತೆರೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಅಷ್ಟೇ. ಆದರೆ ಲ್ಯಾಪ್‌ಟಾಪ್ ಮೇಲೇರಿದಾಗ ಗಿಡ್ಡ ವೈರಿನ ಹಬ್ ಗಾಳಿಯಲ್ಲಿ ನೇತಾಡುತ್ತದೆ. ಆ ಭಾರ ಪೂರ್ತಿ ಪೋರ್ಟ್ ಮೇಲೆ ಬಿದ್ದು ನಿಧಾನಕ್ಕೆ ಸಡಿಲ ಆಗುತ್ತದೆ. ನಾನು ಹಬ್ಬನ್ನು ಸ್ಟ್ಯಾಂಡಿನ ಬೆನ್ನಿಗೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದ್ದೇನೆ. ವೈರ್ ಸಡಿಲವಾಗಿ ಬಾಗಿ ನಿಲ್ಲುತ್ತದೆ, ಎಳೆತ ಇಲ್ಲ. ಕೂಲಿಂಗ್ ಪ್ಯಾಡ್ ನನ್ನ ಕೆಲಸಕ್ಕೆ ಬೇಕಾಗಲಿಲ್ಲ. ಸ್ಟ್ಯಾಂಡ್ ಮೇಲೆ ಇಟ್ಟ ಮೇಲೆ ಅಡಿಯಲ್ಲಿ ಗಾಳಿ ಆಡುತ್ತದೆ, ಅದೇ ಸಾಕು.

ವೈರ್‌ಲೆಸ್ ಮೌಸ್ ಎಳೆದೆಳೆದು ಓಡುತ್ತಿದ್ದರೆ ಮೌಸ್ ಕೆಟ್ಟಿದೆ ಅಂತ ಬಿಸಾಡಬೇಡಿ. ಯುಎಸ್‌ಬಿ 3 ಸಾಧನಗಳು ಓಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತವೆ. ಮೌಸ್ ಕೂಡ ಅಲ್ಲೇ ಮಾತಾಡುವುದು. ಇಂಟೆಲ್ 2012ರಲ್ಲೇ ಇದನ್ನು ಅಳೆದು ವಿವರಿಸಿದೆ. ಹಬ್‌ನಲ್ಲಿ ಎಸ್‌ಎಸ್‌ಡಿ ಡಿಸ್ಕ್ ಪಕ್ಕವೇ ಮೌಸ್‌ನ ಡಾಂಗಲ್ (ಅದರ ಸಂಕೇತ ಹಿಡಿಯುವ ಪುಟ್ಟ ತುಣುಕು) ಇದ್ದರೆ ತೊಂದರೆ ಆಗುವ ಸಂಭವ ಹೆಚ್ಚು. ಒಂದು ಸಾದಾ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್ಲನ್ನು ಹಬ್‌ನಿಂದ ದೂರ, ಮೌಸ್ ಹತ್ತಿರಕ್ಕೆ ತಂದೆ. ಮೌಸ್ ಸಲೀಸಾಗಿ ಓಡಿತು.

ಊರಿಗೆ ಹೋಗುವಾಗ ಇದ್ಯಾವುದೂ ಜೊತೆಗೆ ಬರುವುದಿಲ್ಲ, ಪವರ್ ಬ್ಯಾಂಕ್ ಮಾತ್ರ ಬರುತ್ತದೆ. 20,000 ಎಂಎಎಚ್ ಅಂದರೆ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್. ಲ್ಯಾಪ್‌ಟಾಪ್‌ಗೆ ಬೇಕಾದ 20 ವೋಲ್ಟ್‌ಗೆ ಏರಿಸುವಾಗ ಒಂದಿಷ್ಟು ಸೋರಿಹೋಗುತ್ತದೆ. ನನ್ನ 50 ವಾಟ್-ಅವರ್ ಬ್ಯಾಟರಿಯನ್ನು ಒಂದು ಸಲ ತುಂಬಿಸುತ್ತದೆ, ಸ್ವಲ್ಪ ಮಿಗುತ್ತದೆ. ಪಿಡಿ (ಪವರ್ ಡೆಲಿವರಿ, ಟೈಪ್-ಸಿಯ ವೇಗದ ಚಾರ್ಜಿಂಗ್ ವಿಧಾನ) ಅಂತ ಬರೆದಿದ್ದರೆ ಸಾಲದು, 20 ವೋಲ್ಟ್ ಕೊಡುತ್ತದಾ, ಎಷ್ಟು ವಾಟ್ ಅಂತ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಓದಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಇದೆಯಾ ಅಂತಲೂ ನೋಡಿ.

ಕೇಬಲ್‌ಗಳದ್ದೇ ಒಂದು ದೊಡ್ಡ ಗೋಜಲು, ಯಾಕೆಂದರೆ ಟೈಪ್-ಸಿ ವೈರ್‌ಗಳೆಲ್ಲ ನೋಡಲು ಒಂದೇ ಥರ. ಫೋನ್ ಜೊತೆ ಬರುವ ಬಹಳಷ್ಟು ವೈರ್‌ಗಳಲ್ಲಿ ಡೇಟಾ ಹರಿಯುವುದು ಯುಎಸ್‌ಬಿ 2 ವೇಗದಲ್ಲಿ. ಅದರಿಂದ ಎಸ್‌ಎಸ್‌ಡಿ ಜೋಡಿಸಿದರೆ ಸೆಕೆಂಡಿಗೆ 40 ಎಂಬಿ ದಾಟುವುದು ಕಷ್ಟ. ಸರಿಯಾದ ವೈರ್ ಹಾಕಿದರೆ ಅದೇ ಎಸ್‌ಎಸ್‌ಡಿ ಹತ್ತು ಪಟ್ಟು ಬೇಗ ಕೆಲಸ ಮುಗಿಸುತ್ತದೆ. ಅಂಥ ಫೋನ್ ವೈರ್‌ನಿಂದ ಮಾನಿಟರ್ ಅಂತೂ ಬೆಳಗುವುದೇ ಇಲ್ಲ. 60 ವಾಟ್‌ಗಿಂತ ಹೆಚ್ಚು ವಿದ್ಯುತ್ತು ಬೇಕಾದರೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ವೈರೇ ಆಗಬೇಕು. ನಾನು ಪ್ರತಿ ವೈರ್‌ನ ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ ‘ಚಾರ್ಜ್’, ‘ಡಿಸ್ಕ್’, ‘ತೆರೆ’ ಅಂತ ಬರೆದಿಟ್ಟಿದ್ದೇನೆ. ಮನೆಯಲ್ಲಿ ಯಾರು ಕೇಳಿದರೂ ಮೊದಲು ಕೊಡುವುದು ‘ಚಾರ್ಜ್’ ಅಂತ ಬರೆದದ್ದನ್ನೇ.